ಒಂದೂವರೆ ಸುತ್ತು

‘ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್.’
ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ
ಈ ಮಾತು ಕಿವಿಗೆ ಬೀಳದ ಊರಿಲ್ಲ.
ಹೊಸದುರ್ಗ, ಹಾವೇರಿ, ಸಿಂಧನೂರು;
ಮೂರು ಜನರ ಬಸ್ ಸೀಟಿಗೆ ನಾಲ್ಕನೆಯವನಾಗಿ
ನಾನೂ ಹೇಳಿದ್ದೇನೆ, ಸೊಂಟ ಮೊದಲು ತೂರಿಸಿ.

ಮಡಿಕೇರಿಯಲ್ಲಿ, ಒಂದು ಮಂಗಳವಾರ,
ಆ ಮಾತು ಕಬ್ಬಿಣವಾಗಿ ಬಂತು.
ಜೀಪಿನ ನಾಲ್ಕೂ ಮೂಲೆಗೆ ಕಿತ್ತಳೆ ಬಣ್ಣದ ಸ್ಪ್ರಿಂಗು,
ಸ್ಪ್ರಿಂಗಿನ ಬುಡಕ್ಕೆ ಹಲ್ಲಿನ ಉಂಗುರ:
ಬಲಕ್ಕೆ ತಿರುಗಿಸಿದರೆ ಗಾಡಿ ಏಳುತ್ತದೆ,
ಎಡಕ್ಕೆ ತಿರುಗಿಸಿದರೆ ಕೂರುತ್ತದೆ.

ಮಂಜು ಆಫೀಸಿನೊಳಗೇ ಬಂದು
ಟೋಕನ್ ಇಲ್ಲದೆ ಕೌಂಟರಿನ ಮುಂದೆ ನಿಂತಿತ್ತು.
ಅದರ ಹಿಂದೆ ಚೋಂದಮ್ಮ, ಕೈಯಲ್ಲಿ ಫೈಲು.
‘ಕಕ್ಕಡದಲ್ಲಿ ಎತ್ತರ ಬೇಕು,
ತೋಟದ ದಾರಿ ಹೊಳೆಯಾಗುತ್ತೆ.
ಪುತ್ತರಿ ಕಳೆದ ಮೇಲೆ ಇಳಿಸ್ತೇನೆ,
ನಮ್ಮತ್ತೆಗೆ ಮಂಡಿ ಮಡಚಲ್ಲ.’

ನನ್ನ ರಿಜಿಸ್ಟರಿನಲ್ಲಿ ಎತ್ತರಕ್ಕೆ ಒಂದೇ ಕಾಲಂ.
ತಿಂಗಳು ತಿಂಗಳಿಗೆ ಬೇರೆ ಎಂದು ಬರೆಯಲು
ಗೆರೆ ಎಳೆದವರು ಜಾಗ ಬಿಟ್ಟಿಲ್ಲ.

ಪುಣೆಯ ಪ್ರಯೋಗಾಲಯದ ಹದಿನಾಲ್ಕು ಪುಟ, ದುಂಡು ಮೊಹರು:
‘ಮೂಲ ಎತ್ತರಕ್ಕಿಂತ ನಲವತ್ತು ಮಿಲಿಮೀಟರ್‌ವರೆಗೆ ಮಾತ್ರ.
ಮೀರಿದಲ್ಲಿ ಈ ಪತ್ರ ಊರ್ಜಿತವಲ್ಲ.’
ಅಟೆಂಡರ್ ಪೊನ್ನು ಟಾರ್ಚು ಹಿಡಿದ.
ಸ್ಪ್ರಿಂಗಿನ ನಂಬರಿನ ಮೇಲೆ ಕೆಂಪು ಕೆಸರು,
ಕೆಸರಿಗಂಟಿದ ಒಂದು ಮೆಣಸಿನೆಲೆ.
ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದ ಮೇಲೆ
ಮೂರು ಎಂದುಕೊಂಡದ್ದು ಎಂಟಾಯಿತು;
ಕಾಗದದಲ್ಲೂ ಎಂಟೇ. ಸರಿ.

ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ
ಟೇಪು ಹಿಡಿದೆ. ನಲವತ್ತಮೂರು ಹೆಚ್ಚು.
ಇನ್ನೊಮ್ಮೆ ಹಿಡಿದೆ. ನಲವತ್ತಮೂರೇ.

ಕಾದೆ.
ಆ ಮಾತು ಬರುವ ಮೊದಲು ತುಟಿ ಹೇಗೆ ಅಗಲವಾಗುತ್ತದೆ,
ಕೈ ಹೇಗೆ ಬ್ಯಾಗಿನ ಜಿಪ್ಪಿಗೆ ಹೋಗುತ್ತದೆ, ನನಗೆ ಗೊತ್ತು.
ಕೈ ಹೋಯಿತು, ಸೀಟಿನ ಅಡಿಗೆ.
ಹೊರಬಂದದ್ದು ಕೊಕ್ಕೆಯ ಸ್ಪ್ಯಾನರು.
ಗೋಣಿಚೀಲ ಹಾಸಿದಳು, ಜಾಕ್ ಕೊಟ್ಟಳು,
ಅಂಗಾತ ಮಲಗಿ ಜೀಪಿನಡಿಗೆ ಸರಿದಳು.
ಅಡಿಯಿಂದ ದನಿ ಮಾತ್ರ ಬಂತು:
‘ಒಂದು ಸುತ್ತಿಗೆ ಎರಡು ಮಿಲಿಮೀಟರ್.
ಒಂದೂವರೆ ಸುತ್ತು ಸಾರ್, ನಾಲ್ಕೂ ಕಡೆ.
ಊಟಕ್ಕೆ ಹೋಗಿ ಬನ್ನಿ.’
ಹೋಗಲಿಲ್ಲ.

ನಲವತ್ತು. ಸಹಿ. ಸೀಲು.
ಅವಳ ಬೆನ್ನಿನ ಕೆಸರಿನಲ್ಲಿ ಗೋಣಿಯ ನೇಯ್ಗೆ
ಅಚ್ಚಾಗಿತ್ತು, ಅದೂ ಒಂದು ಮೊಹರಿನಂತೆ.

ಭಾನುವಾರ ಕ್ವಾರ್ಟರ್ಸಿನಲ್ಲಿ
ದೇವರ ಪಟಕ್ಕೆ ಹಲಗೆ ಕೊಯ್ಯಿಸಿದ್ದೆ.
ಕೂರಲಿಲ್ಲ ಗೂಡಿನಲ್ಲಿ, ಕೂದಲೆಳೆಗಿಂತ ಸ್ವಲ್ಪ ಹೆಚ್ಚು ಸಂದು ಬಿಟ್ಟು ಅಲುಗಾಡಿತು.
ಮಗಳ ಸ್ಕೇಲಿನ ಪಕ್ಕ ಟೇಪು ಇಟ್ಟು ನೋಡಿದೆ.
ಮುರಿದ ತುದಿಯನ್ನು ಯಾರೋ ಕತ್ತರಿಸಿ
ಕೊಕ್ಕೆಗೆ ಮತ್ತೆ ರಿವೆಟ್ ಹೊಡೆದಿದ್ದಾರೆ.
ಮೊದಲ ಮೂರು ಗೆರೆ ಇಲ್ಲವೇ ಇಲ್ಲ.

ಆರು ವರ್ಷ ಇದೇ ಟೇಪು.
ಪೊನ್ನಂಪೇಟೆಯ ಪಿಕಪ್ ಹುಡುಗ ಶಫೀಕ್,
ಎರಡು ಸಲ ವಾಪಸ್ ಕಳಿಸಿದ್ದೆ,
ಮೂರನೆಯ ಸಲ ಅವನು ಬರಲಿಲ್ಲ.
ಗಾಡಿ ಮಾರಿದನೆಂದು ಪೊನ್ನು ಒಮ್ಮೆ ಅಂದಿದ್ದ,
ನಾನು ಆಗ ಯಾವುದೋ ಫೈಲು ನೋಡುತ್ತಿದ್ದೆ.

ಸೋಮವಾರ ಚೋಂದಮ್ಮನಿಗೆ ಫೋನು ಮಾಡಿದೆ.
ಎಲ್ಲ ಹೇಳಿದೆ. ಆ ಕಡೆ ಕೋಳಿ ಕೂಗುತ್ತಿತ್ತು,
ಬಹಳ ಹೊತ್ತು ಕೋಳಿಯೇ ಕೂಗಿತು.
‘ಹಾಗಾದರೆ ಸಾರ್,
ನೀವು ನನಗೆ ಒಂದೂವರೆ ಸುತ್ತು ಬಾಕಿ.’

ಹೌದಮ್ಮ, ಬಾಕಿ, ಎಂದೆ.
ಅದನ್ನು ಹಿಂದಿರುಗಿಸಲು ಯಾವ ನಮೂನೆಯ ಅರ್ಜಿ,
ಇನ್ನೂ ಹುಡುಕುತ್ತಿದ್ದೇನೆ.